ಹಸ್ತಾಕ್ಷರಕ್ಕೆ ಸಾಕ್ಷಿ ಬೇಕು

ಕಳೆದ ಶತಮಾನದ ಐವತ್ತರ ದಶಕದ ನಡುಭಾಗದಲ್ಲಿ, ಧಾರವಾಡದಲ್ಲಿ ಓದುತ್ತಿದ್ದ ಹದಿನೇಳರ ಹರೆಯದ ತರುಣನೊಬ್ಬನು ಐರ್ಲೆಂಡಿನ ಸುಪ್ರಸಿದ್ಧ ನಾಟಕಕಾರ ಷಾನ್ ಓಕೇಸಿಯವರ ಮುಖಚಿತ್ರವನ್ನು ಕೈಯಾರೆ ರೇಖಿಸಿ, ಅದಕ್ಕೊಂದು ರುಜು ಬೇಕೆಂದು ವಿನಂತಿಸಿಕೊಂಡು ಅವರಿಗೆ ಅಂಚೆಯಲ್ಲಿ ಕಳುಹಿಸಿದನು. ತರುವಾಯ ಉತ್ತರವೇನೋ ಬಂದಿತು. ಆದರೆ ಅದರೊಡನೆ ಬಂದುದು ತರುಣನು ನಿರೀಕ್ಷಿಸದಿದ್ದ ಒಂದು ಹಿತವಚನ. ಅನ್ಯರ ಹಸ್ತಾಕ್ಷರಗಳನ್ನು ಕೂಡಿಹಾಕುವುದರಲ್ಲಿ ಕಾಲವನ್ನು ವ್ಯಯಿಸದೆ, ಅನ್ಯರೇ ಬಂದು ನಿನ್ನ ಹಸ್ತಾಕ್ಷರವನ್ನು ಬೇಡುವಂಥ ಕಾರ್ಯವನ್ನು ಮಾಡು ಎಂಬುದು ಆ ಹಿರಿಯ ಲೇಖಕರ ಉಪದೇಶದ ಸಾರವಾಗಿತ್ತು. ಆ ತರುಣರೇ ಗಿರೀಶ ಕಾರ್ನಾಡರು. 1970ರ ‘ಸಂಸ್ಕಾರ’ ಚಿತ್ರದಲ್ಲಿ ಪ್ರಾಣೇಶಾಚಾರ್ಯರಾಗಿ ಕಾಣಿಸಿಕೊಂಡು, ನಟರಾಗಿ, ನಿರ್ದೇಶಕರಾಗಿ, ನಾಟಕಕಾರರಾಗಿ ಕೀರ್ತಿವಂತರಾದ ಮೇಲೆ, ಎಷ್ಟೋ ಜನರು ಅವರ ಎದುರಿಗೆ ಪುಸ್ತಕ ಬಿಚ್ಚಿ ನಿಂತು ರುಜುವಿಗಾಗಿ ಕೈಚಾಚಿದುದನ್ನು ಲೋಕವೆಲ್ಲ ಕಂಡಿದೆ.

ಈ ವೃತ್ತಾಂತವು ನಮ್ಮ ಸೀಮೆಗೆ ಹೊರಗಿನದಲ್ಲ. ಕಾರ್ನಾಡರ ತಂದೆ ವೈದ್ಯರಾಗಿ ಶಿರಸಿಯಲ್ಲಿದ್ದುದರಿಂದ ಅವರ ಬಾಲ್ಯವು ಇಲ್ಲಿಯೇ ಕಳೆಯಿತು. ಹದಿನಾಲ್ಕರ ವಯಸ್ಸಿನ ಸುಮಾರಿಗೆ ಕುಟುಂಬವು ಧಾರವಾಡಕ್ಕೆ ಹೋಯಿತು. ದೀವಟಿಗೆಯ ಬೆಳಕಿನ ಯಕ್ಷಗಾನವನ್ನೂ, ಊರಿಗೆ ಬಂದು ಬಿಡಾರ ಹೂಡುತ್ತಿದ್ದ ನಾಟಕ ಕಂಪನಿಗಳ ಆಟವನ್ನೂ ಶಿರಸಿಯಲ್ಲಿ ಕಂಡುದೇ ತಮ್ಮ ರಂಗಪ್ರಜ್ಞೆಯ ಮೂಲವೆಂದು ಅವರು ಹಲವು ಸಲ ಸ್ಮರಿಸಿದ್ದುಂಟು. ವೇಷ ಕಟ್ಟಿದ ಮನುಷ್ಯನನ್ನು ದೂರದಿಂದ ನೋಡಿ ಬೆರಗಾದ ಬಾಲಕನಿಗೆ, ಆ ಮನುಷ್ಯನ ಕೈಬರಹದ ಒಂದು ಗೆರೆಯಾದರೂ ತನ್ನದಾಗಬೇಕೆಂಬ ಆಸೆ ಹುಟ್ಟುವುದು ಸಹಜವೇ ಸರಿ.

ಓಕೇಸಿಯವರ ಉಪದೇಶವು ಪ್ರತಿಭಾವಂತನಾದ ಒಬ್ಬ ತರುಣನ ಮಟ್ಟಿಗೆ ಸತ್ಯವಾದುದು. ಅದರ ಫಲವನ್ನು ಕನ್ನಡ ಸಾಹಿತ್ಯವು ಉಂಡಿದೆ. ಆದರೆ ಒಂದು ಸೀಮೆಯ, ಒಂದು ಸಮಾಜದ ಮಟ್ಟಿಗೆ ಅದೇ ಮಾತನ್ನು ಪ್ರಮಾಣವೆಂದು ಹಿಡಿದು, ಹಸ್ತಾಕ್ಷರ ಸಂಗ್ರಹವು ಕಾಲಹರಣವೆಂದು ತೀರ್ಮಾನಿಸುವುದು ಯುಕ್ತವಾಗಲಾರದು. ಕಾರ್ನಾಡರು ಸಹ ಆ ಪತ್ರದ ಸಂಗತಿಯನ್ನು ಇಳಿವಯಸ್ಸಿನವರೆಗೂ ಆದರದಿಂದ ಹೇಳುತ್ತಿದ್ದರು. ರುಜುವನ್ನು ಬೇಡಿದ್ದರಿಂದಲೇ ಆ ಹಿತವಚನ ಬಂದಿತು. ಬೇಡಿದ ಸಂದರ್ಭವನ್ನು ಮರೆಯದೆ ಇದ್ದುದರಿಂದಲೇ ಅದು ನಮ್ಮವರೆಗೆ ತಲುಪಿತು. ನಾನು ಹೇಳಬೇಕಾದುದೂ ಇಷ್ಟೆ: ಹಸ್ತಾಕ್ಷರದ ಬೆಲೆ ಅದರ ಹಿಂದಿನ ವೃತ್ತಾಂತದಲ್ಲಿದೆ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಇನ್ನೂ ಉಳಿದಿರುವ ಹಳೆಯ ಕಲಾವಿದರ ರುಜುಗಳ ವೃತ್ತಾಂತವನ್ನು, ಅದನ್ನು ಬಲ್ಲವರು ನಮ್ಮೊಡನಿರುವಾಗಲೇ ಬರೆದಿಡುವುದು ನಮ್ಮ ಕರ್ತವ್ಯವಾಗಿದೆ.

ಚಿತ್ರತಾರೆಯರಿಗೂ ಕಾಡಿನ ನಡುವಿನ ಈ ತಾಲೂಕುಗಳಿಗೂ ಎತ್ತಣ ಸಂಬಂಧವೆಂದು ಕೇಳುವವರುಂಟು. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಯನ್ನು ಕಂಡವರು ಈ ಪ್ರಶ್ನೆಯನ್ನು ಕೇಳಲಾರರು. ದೇವಿಯು ಬಿಡಕಿ ಬೈಲಿನ ಗದ್ದುಗೆಯಲ್ಲಿ ವಿರಾಜಮಾನಳಾಗಿರುವ ಆ ದಿನಗಳಲ್ಲಿ, ಯಕ್ಷಗಾನದ ಮೇಳಗಳೂ ವೃತ್ತಿ ನಾಟಕ ಕಂಪನಿಗಳೂ ತಗಡಿನ ಮರೆ ಕಟ್ಟಿ ರಾತ್ರಿಯೆಲ್ಲ ಆಟವಾಡುತ್ತಿದ್ದವು. ಚಿತ್ರರಂಗದಲ್ಲಿ ಹೆಸರಾದವರನ್ನು ಅತಿಥಿ ಕಲಾವಿದರನ್ನಾಗಿ ಕರೆತಂದು, ಅವರ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಧ್ವನಿವರ್ಧಕದ ಗಾಡಿಯಲ್ಲಿ ಊರೂರಿಗೆ ಸಾರುವುದು ಕಂಪನಿಗಳ ಸಂಪ್ರದಾಯವೇ ಆಗಿತ್ತು. ಆ ಕಾಲದಲ್ಲಿ ಚಿತ್ರರಂಗಕ್ಕೂ ಕಂಪನಿ ರಂಗಕ್ಕೂ ನಡುವೆ ಬೇಲಿಯಿರಲಿಲ್ಲ. ಗುಬ್ಬಿ ಕಂಪನಿಯಿಂದ ಹೊರಟು ಬೆಳ್ಳಿತೆರೆಗೆ ಹೋದವರು ಹಲವರಾದರೆ, ಬೆಳ್ಳಿತೆರೆಯಿಂದ ರಂಗಕ್ಕೆ ಮರಳಿದವರೂ ಇದ್ದರು. 1979ರಲ್ಲಿ ತೀರಿಕೊಂಡ ಮಿನುಗುತಾರೆ ಕಲ್ಪನಾ ಅವರು ತಮ್ಮ ಕೊನೆಯ ದಿನಗಳಲ್ಲಿ ಗುಡಗೇರಿ ಬಸವರಾಜರ ಕಂಪನಿಯ ನಾಟಕಗಳಲ್ಲಿ ಅಭಿನಯಿಸುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಆದುದರಿಂದ ತಾರೆಯನ್ನು ಕಾಣಲು ಮದರಾಸಿನ ಕೋಡಂಬಾಕ್ಕಕ್ಕೆ ಹೋಗಬೇಕಾಗಿರಲಿಲ್ಲ. ಜಾತ್ರೆಯ ರಾತ್ರಿಯಲ್ಲಿ ಬಣ್ಣದ ಮನೆಯ ಪರದೆಯ ಬಳಿ ಧೈರ್ಯ ತಂದುಕೊಂಡು ನಿಂತವನಿಗೆ ರುಜು ದೊರೆಯುತ್ತಿತ್ತು.

ಈ ನೆಲದ ಚರಿತ್ರೆಯೂ ಈ ನೆಲದ ಮಕ್ಕಳೂ ತೆರೆಯ ಮೇಲೆ ಬಂದದ್ದುಂಟು. ಬನವಾಸಿಯ ಕದಂಬ ವಂಶದ ಮೂಲಪುರುಷನ ಕಥೆಯು ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯಿಂದ 1975ರಲ್ಲಿ ರಾಜಕುಮಾರರ ‘ಮಯೂರ’ವಾಗಿ ಚಿತ್ರರೂಪವನ್ನು ತಾಳಿದಾಗ, ಶಿರಸಿ ತಾಲೂಕಿನ ಒಂದು ಊರಿನ ಹೆಸರು ಕನ್ನಡನಾಡಿನ ಎಲ್ಲ ಟಾಕೀಸುಗಳಲ್ಲಿ ಮೊಳಗಿತು. ಶಿರಸಿ ಸೀಮೆಯ ನೀರ್ನಳ್ಳಿಯಿಂದ ಹೋದ ರಾಮಕೃಷ್ಣ ಅವರು 1977ರ ‘ಬಬ್ರುವಾಹನ’ದಲ್ಲಿ ಕೃಷ್ಣನಾಗಿ, ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’, ‘ಮಾನಸ ಸರೋವರ’ಗಳಲ್ಲಿ ಮರೆಯಲಾಗದ ಪಾತ್ರಗಳಾಗಿ ನಿಂತರು. ತೊಂಬತ್ತರ ದಶಕದ ‘ನಮ್ಮೂರ ಮಂದಾರ ಹೂವೇ’ ಚಿತ್ರವು ಯಾಣದ ಕರಿಬಂಡೆಗಳನ್ನು ನಾಡಿಗೆಲ್ಲ ಪರಿಚಯಿಸಿತು. ಹೀಗೆ ಬಂದುಹೋದವರ ರುಜುಗಳು ಅಂಗೈಯಗಲದ, ಗುಲಾಬಿ, ತಿಳಿಹಸುರು, ಹಳದಿ ಬಣ್ಣದ ಹಾಳೆಗಳ ಆಟೋಗ್ರಾಫ್ ಪುಸ್ತಕಗಳಲ್ಲಿಯೂ, ನಾಟಕದ ಕರಪತ್ರಗಳ ಹಿಂಬದಿಯಲ್ಲಿಯೂ, ಹಾಡಿನ ಪುಸ್ತಕಗಳ ರಕ್ಷಾಪುಟದಲ್ಲಿಯೂ ಉಳಿದು, ಮದುವೆಯಾಗಿ ಬಂದ ಹೆಣ್ಣುಮಕ್ಕಳ ಟ್ರಂಕುಗಳೊಡನೆ ತವರಿನಿಂದ ಗಂಡನ ಮನೆಗೆ ಪಯಣಿಸಿ, ಅಟ್ಟದ ಮೇಲೆ ನೆಲೆ ನಿಂತಿವೆ.

ಇಂಥ ಕಾಗದದ ಚೂರುಗಳಿಗೆ ಚರಿತ್ರೆಯಲ್ಲಿ ಏನು ಸ್ಥಾನವೆಂಬುದನ್ನು ತಿಳಿಯಬೇಕಾದರೆ, ಕನ್ನಡದ ಮೊದಲ ವಾಕ್‌ಚಿತ್ರದ ಗತಿಯನ್ನು ನೆನೆದರೆ ಸಾಕು. ವೈ.ವಿ. ರಾವ್ ಅವರ ನಿರ್ದೇಶನದಲ್ಲಿ, ಸುಬ್ಬಯ್ಯನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾಯರು ಅಭಿನಯಿಸಿದ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆ ಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಭಾರತೀಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಪುಣೆಯಲ್ಲಿ ಸ್ಥಾಪಿತವಾದುದೇ 1964ರಲ್ಲಿ. ಅಷ್ಟರೊಳಗೆ ದಕ್ಷಿಣದ ಎಷ್ಟೋ ಚಿತ್ರಗಳು ಬೆಂಕಿಗೂ ತೇವಕ್ಕೂ ಅನಾದರಕ್ಕೂ ಆಹುತಿಯಾಗಿದ್ದವು. ಚಿತ್ರವೇ ಅಳಿದ ಮೇಲೆ, ಆ ಕಾಲದ ಕಲಾವಿದನು ಈ ಭೂಮಿಯ ಮೇಲೆ ನಡೆದಾಡಿದನೆಂಬುದಕ್ಕೂ, ಇಂಥ ಊರಿನಲ್ಲಿ ಇಂಥವರೊಡನೆ ಒಂದು ಕ್ಷಣ ನಿಂತು ಮಾತಾಡಿದನೆಂಬುದಕ್ಕೂ ಉಳಿಯುವ ದಾಖಲೆಗಳೆಂದರೆ ಕರಪತ್ರ, ಭಾವಚಿತ್ರ, ಪತ್ರ, ರುಜು, ಇಷ್ಟೆ. ಇವನ್ನು ಹುಚ್ಚು ಹವ್ಯಾಸದ ಅವಶೇಷಗಳೆಂದು ಗುಡಿಸಿ ಹಾಕುವವನು ನಾಡಿನ ದಾಖಲೆಯನ್ನೇ ಗುಡಿಸಿ ಹಾಕಿದಂತಾಗುತ್ತದೆ.

ಆದರೆ ದಾಖಲೆಯೆಂದ ಮೇಲೆ ಅದು ಯಥಾರ್ಥವಾಗಿರಬೇಕು. ತಾರೆಯ ಹೆಸರಿರುವ ರುಜುವೆಲ್ಲ ತಾರೆಯ ಕೈಯದಲ್ಲ. ಅಭಿಮಾನಿಗಳ ಪತ್ರಗಳು ಮೂಟೆಗಟ್ಟಲೆ ಬಂದು ಬೀಳುವಾಗ ಎಲ್ಲಕ್ಕೂ ಸ್ವಹಸ್ತದಿಂದ ಉತ್ತರಿಸುವುದು ಯಾರಿಂದಲೂ ಆಗದ ಕೆಲಸ. ಆದಕಾರಣ ಕಾರ್ಯದರ್ಶಿಗಳು, ಸ್ಟುಡಿಯೋದ ಗುಮಾಸ್ತರು, ಮನೆಯವರು ರುಜು ಹಾಕುವ ಪದ್ಧತಿ ಲೋಕದ ಎಲ್ಲ ಚಿತ್ರರಂಗಗಳಲ್ಲಿಯೂ ಬೆಳೆಯಿತು. ಹಾಲಿವುಡ್ಡಿನ ಜೀನ್ ಹಾರ್ಲೋ ಎಂಬ ನಟಿಯ ಪರವಾಗಿ ಆಕೆಯ ತಾಯಿಯೇ ಅಸಂಖ್ಯ ಭಾವಚಿತ್ರಗಳ ಮೇಲೆ ಮಗಳ ಹೆಸರನ್ನು ಬರೆಯುತ್ತಿದ್ದಳು. ಅವುಗಳಲ್ಲಿ ತಾಯಿಯ ಕೈ ಯಾವುದು, ಮಗಳ ಕೈ ಯಾವುದು ಎಂಬುದನ್ನು ವಿಂಗಡಿಸುವುದು ಸಂಗ್ರಾಹಕರಿಗೆ ಇಂದಿಗೂ ಕಠಿನವಾದ ಪರೀಕ್ಷೆ. ಭಾವಚಿತ್ರದೊಡನೆಯೇ ಅಚ್ಚಾದ ರುಜು, ರಬ್ಬರಿನ ಮುದ್ರೆಯ ರುಜು, ಯಂತ್ರವು ಲೇಖನಿ ಹಿಡಿದು ಬರೆದ ರುಜು, ಹೀಗೆ ಪ್ರಭೇದಗಳು ಹಲವು. ಇವುಗಳಲ್ಲಿ ವಂಚನೆಯ ಉದ್ದೇಶವಿರಲಿಲ್ಲ. ವಂಚನೆಗೆಂದೇ ಬರೆದವುಗಳ ಕಥೆ ಬೇರೆ. ತೊಂಬತ್ತರ ದಶಕದಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ತನಿಖೆಯನ್ನು ಕೈಗೊಂಡು ಕಳ್ಳರುಜುಗಳ ಜಾಲವನ್ನು ಭೇದಿಸಿದಾಗ, ಮದರ್ ತೆರೇಸಾ ಅವರ ರುಜುವಿದೆಯೆಂದು ಹೇಳುವ ಬೇಸ್‌ಬಾಲ್ ಚೆಂಡುಗಳು ಸಹ ಸಿಕ್ಕವೆಂದರೆ, ಈ ವ್ಯಾಪಾರದ ನಿರ್ಲಜ್ಜತೆ ಎಷ್ಟೆಂಬುದನ್ನು ಊಹಿಸಬಹುದು. ಹಳೆಯ ವಸ್ತುಗಳ ಮೋಹ ನಮ್ಮಲ್ಲಿಯೂ ಹೆಚ್ಚುತ್ತಿರುವ ಈ ಕಾಲದಲ್ಲಿ ಆ ರೋಗವು ಘಟ್ಟ ಹತ್ತಿ ಬರಲಾರದೆಂದು ನೆಮ್ಮದಿಯಿಂದಿರುವುದು ವಿವೇಕವಲ್ಲ.

ಪರೀಕ್ಷೆಯ ಕ್ರಮವು ಕಷ್ಟವೇನೂ ಅಲ್ಲ, ತಾಳ್ಮೆ ಬೇಕು. ಒಂದು ಭೂತಕನ್ನಡಿಯನ್ನು ಹಿಡಿದು ರುಜುವನ್ನು ನಿಧಾನವಾಗಿ ನೋಡಬೇಕು. ಅಚ್ಚಾದ ರುಜುವಾದರೆ ಗೆರೆಯು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತದೆ, ಇಲ್ಲವೆ ಚಿತ್ರದ ಮೈಯಲ್ಲಿಯೇ ಕರಗಿಹೋಗಿರುತ್ತದೆ. ಶಾಯಿಯಿಂದ ಬರೆದುದಾದರೆ ಗೆರೆಯು ಕಾಗದದ ಮೇಲೆ ಕುಳಿತು, ವಾರೆಯಾಗಿ ಬೆಳಕು ಬಿದ್ದಾಗ ತನ್ನದೇ ಹೊಳಪನ್ನು ತೋರುತ್ತದೆ. ಫೌಂಟನ್ ಪೆನ್ನಿನ ನಿಬ್ಬು ಕೆಳಮುಖವಾಗಿ ಒತ್ತಿ ಬರೆದಾಗ ಎರಡಾಗಿ ಕವಲೊಡೆದು, ಅಂಚುಗಳಲ್ಲಿ ಗಾಢವಾಗಿ ನಡುವೆ ತೆಳುವಾಗಿ ಶಾಯಿಯನ್ನು ಬಿಡುತ್ತದೆ. ನಿತ್ಯವೂ ನೂರು ಸಲ ತನ್ನ ಹೆಸರನ್ನು ಬರೆದ ಕೈ ವೇಗವಾಗಿ ಓಡುತ್ತದೆ. ಅದರ ಗೆರೆಯ ಮೊದಲೂ ಕೊನೆಯೂ ಮೊನಚಾಗಿ, ಲೇಖನಿಯು ಕಾಗದವನ್ನು ಮುಟ್ಟುವ ಮೊದಲೇ ಚಲಿಸುತ್ತಿತ್ತೆಂಬುದನ್ನು ಹೇಳುತ್ತದೆ. ನಕಲು ಮಾಡುವವನು ಬರೆಯುವುದಿಲ್ಲ, ಚಿತ್ರಿಸುತ್ತಾನೆ. ಆದುದರಿಂದ ಅವನ ಗೆರೆ ನಡುಗುತ್ತದೆ, ತಿರುವಿನಲ್ಲಿ ತಡೆದು ನಿಲ್ಲುತ್ತದೆ, ಲೇಖನಿ ಎತ್ತಬಾರದ ಜಾಗದಲ್ಲಿ ಎತ್ತಿ ಮತ್ತೆ ಇಟ್ಟ ಗುರುತು ಉಳಿಯುತ್ತದೆ. ಶಿರಸಿಯ ಅಡಿಕೆ ವಖಾರಿಯಲ್ಲಿ ರಾಶಿಯ ಮೇಲೊಮ್ಮೆ ಕೈಯಾಡಿಸಿ, ಒಂದು ಅಡಿಕೆಯನ್ನು ಒಡೆದು ನೋಡಿದೊಡನೆ ಇದು ಚಾಲಿ, ಇದು ಬಿಳೆಗೋಟು, ಇದು ಕೋಕ ಎಂದು ಬೇರ್ಪಡಿಸುವ ಅನುಭವಿಗಳಂತೆ, ನೂರಾರು ನಿಜವಾದ ರುಜುಗಳನ್ನು ಕಂಡ ಕಣ್ಣಿಗೆ ಮಾತ್ರ ಈ ವ್ಯತ್ಯಾಸವು ಕ್ಷಣಮಾತ್ರದಲ್ಲಿ ಗೋಚರವಾಗುತ್ತದೆ.

ಕಾಲವೂ ಒಬ್ಬ ನಿಷ್ಪಕ್ಷಪಾತಿಯಾದ ಪರೀಕ್ಷಕ. ಬಾಲ್‌ಪೆನ್ನು ನ್ಯೂಯಾರ್ಕಿನ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದುದು 1945ರಲ್ಲಿ. ದಪ್ಪ ಮೊನೆಯ ಸ್ಕೆಚ್ ಪೆನ್ನುಗಳು ಬಳಕೆಗೆ ಬಂದುದು ಅರುವತ್ತರ ದಶಕದಲ್ಲಿ. ಹೀಗಿರಲು ‘ಸತಿ ಸುಲೋಚನಾ’ ತೆರೆಕಂಡ ವರ್ಷವೇ ಹಾಕಿದ್ದೆಂದು ಹೇಳುವ ರುಜು ಬಾಲ್‌ಪೆನ್ನಿನದಾಗಿದ್ದರೆ, ಆ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ವ್ಯಾಪಕವಾಗಿ ಬಂದುದು ಐವತ್ತರ ದಶಕದಿಂದೀಚೆಗೆ. ನೇರಳಾತೀತ ದೀಪದಡಿಯಲ್ಲಿ ನೀಲಿಯಾಗಿ ಉರಿಯುವ ಹಾಳೆಯು ಮೂವತ್ತರ ದಶಕದ್ದಾಗಿರಲಾರದು. ನಮ್ಮ ಚಿತ್ರರಂಗದ ಚರಿತ್ರೆಯೇ ಒದಗಿಸುವ ಸಾಕ್ಷ್ಯವೂ ಇದೆ. ಗಾಜನೂರಿನ ಮುತ್ತುರಾಜರಿಗೆ ರಾಜಕುಮಾರನೆಂಬ ಹೆಸರನ್ನು ಎಚ್.ಎಲ್.ಎನ್. ಸಿಂಹ ಅವರು ಇಟ್ಟುದು 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ದ ಸಂದರ್ಭದಲ್ಲಿ. ಅದಕ್ಕೆ ಮೊದಲು ಗುಬ್ಬಿ ಕಂಪನಿಯ ದಿನಗಳಲ್ಲಿಯೇ ಪಡೆದದ್ದೆಂದು ಯಾರಾದರೂ ‘ರಾಜಕುಮಾರ್’ ಎಂಬ ರುಜುವನ್ನು ತಂದು ತೋರಿಸಿದರೆ, ಭೂತಕನ್ನಡಿಯನ್ನು ಹುಡುಕುವ ಶ್ರಮವೂ ಬೇಕಾಗಿಲ್ಲ.

ಆದರೆ ಭೂತಕನ್ನಡಿಯೂ ದೀಪವೂ ಇದು ಸುಳ್ಳೆಂದು ಹೇಳಬಲ್ಲವೇ ಹೊರತು, ಇದು ಸತ್ಯವೆಂದು ಪೂರ್ಣವಾಗಿ ಹೇಳಲಾರವು. ಹಳೆಯ ಕಾಗದವನ್ನು ಹುಡುಕಿ, ಹಳೆಯ ಶಾಯಿಯನ್ನು ಕೂಡಿಸಿ, ಕೈಯನ್ನು ಪಳಗಿಸಿಕೊಂಡವನು ಈ ಎಲ್ಲ ಪರೀಕ್ಷೆಗಳನ್ನೂ ದಾಟಬಹುದು. ಅವನು ಎಂದಿಗೂ ಸೃಷ್ಟಿಸಲಾರದ ಸಾಕ್ಷಿಯೆಂದರೆ ಮನೆಯ ಹಿರಿಯರ ನೆನಪು. ಯಾವ ಜಾತ್ರೆಯ ವರ್ಷ, ಯಾವ ನಾಟಕ, ಯಾರ ಜೊತೆಯಲ್ಲಿ ಹೋಗಿದ್ದು, ಪೆನ್ನು ಯಾರದು, ಕಲಾವಿದರು ಏನೆಂದು ಮಾತಾಡಿಸಿದರು, ಅದೇ ಪುಸ್ತಕದ ಹಿಂದು ಮುಂದಿನ ಹಾಳೆಗಳಲ್ಲಿ ಯಾರ ರುಜುಗಳಿವೆ ಎಂಬ ಸಣ್ಣ ಸಣ್ಣ ಸಂಗತಿಗಳು ಒಂದಕ್ಕೊಂದು ಕೂಡಿಕೊಂಡು, ನಾಟಕದ ಕರಪತ್ರದೊಡನೆಯೂ ಪತ್ರಿಕೆಯ ಜಾಹೀರಾತಿನೊಡನೆಯೂ ತಾಳೆಯಾದಾಗ, ಯಾವ ತಜ್ಞನ ಪ್ರಮಾಣಪತ್ರಕ್ಕೂ ಇಲ್ಲದ ಬಲವು ಆ ರುಜುವಿಗೆ ಬರುತ್ತದೆ. ಅಜ್ಜಿಯ ಆಟೋಗ್ರಾಫ್ ಪುಸ್ತಕದಿಂದ ಒಂದು ಹಾಳೆಯನ್ನು ಹರಿದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಮೊಮ್ಮಗನು ಅದನ್ನು ಗೌರವಿಸಿದೆನೆಂದು ತಿಳಿದಿರುತ್ತಾನೆ. ವಸ್ತುತಃ ಅವನು ಆ ರುಜುವನ್ನು ಅದರ ಸಾಕ್ಷಿಗಳಿಂದ ಅಗಲಿಸಿರುತ್ತಾನೆ. ಪುಸ್ತಕವು ಇಡಿಯಾಗಿಯೇ ಉಳಿಯಬೇಕು. ಪ್ರಸಿದ್ಧ ನಟನ ರುಜುವಿನ ಪಕ್ಕದಲ್ಲಿರುವ ಸಹಪಾಠಿಯ ಹಾರೈಕೆಯೂ, ಮಾಸ್ತರರ ಹಿತೋಕ್ತಿಯೂ ಆ ರುಜುವಿನ ಕಾಲವನ್ನು ನಿರ್ಣಯಿಸುವ ಆಧಾರಗಳಾಗಿವೆ.

ಸಾಕ್ಷಿಯು ಅಳಿಯುವಂತೆಯೇ ಕಾಗದವೂ ಅಳಿಯುತ್ತದೆ. ಅದರಲ್ಲಿಯೂ ನಮ್ಮ ಸೀಮೆಯಲ್ಲಿ ಬೇಗ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಗೋಡೆಯೇ ಬೆವರುವಾಗ ಟ್ರಂಕಿನೊಳಗಿನ ಹಾಳೆ ಬೂಸಲು ಹಿಡಿಯದೆ ಇದ್ದೀತೆ? ಬಣ್ಣದ ಶಾಯಿಗಳು ತೇವಕ್ಕೆ ಹರಡಿ ಕಲೆಯಾಗುತ್ತವೆ; ಕಾಪಿ ಪೆನ್ಸಿಲಿನ ಬರಹವು ನೀರು ತಗಲಿದೊಡನೆ ನೇರಳೆಯಾಗಿ ಕದಡುತ್ತದೆ. ಗೆದ್ದಲಿನ ಸಂಗತಿಯನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಇದಕ್ಕೆ ಹೆದರಿ ಲ್ಯಾಮಿನೇಷನ್ ಮಾಡಿಸುವುದು ಇನ್ನೂ ದೊಡ್ಡ ಅಪಾಯ: ಬಿಸಿಯಿಂದ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಹಾನಿಯಾಗದಂತೆ ಮತ್ತೆ ಬಿಡಿಸಲಾಗದು. ಸೆಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದವನ್ನು ತಿನ್ನುತ್ತದೆ. ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಬಿಸಿಲಿಗೂ ಹೊರಗೋಡೆಗೂ ದೂರವಾದ, ಗಾಳಿಯಾಡುವ ಕಪಾಟಿನಲ್ಲಿರಿಸಿ, ಮಳೆಗಾಲದ ಮೊದಲೂ ಅನಂತರವೂ ತೆರೆದು ನೋಡುವುದು ಎಲ್ಲರಿಗೂ ಸಾಧ್ಯವಾದ ಉಪಾಯ. ವೃತ್ತಾಂತವನ್ನು ಬರೆಯುವುದಾದರೆ ಮೃದುವಾದ ಪೆನ್ಸಿಲಿನಿಂದ ಪ್ರತ್ಯೇಕವಾದೊಂದು ಹಾಳೆಯಲ್ಲಿ ಬರೆದು ಅದರೊಡನೆಯೇ ಇಡಬೇಕು.

ಇದನ್ನೆಲ್ಲ ಮಾರಿದರೆ ಹಣ ಬರುತ್ತದೆಯೆ ಎಂದು ಕೇಳುವವರನ್ನು ನಾನು ಹಳಿಯಲಾರೆ. ಮನೆತನದ ಕಷ್ಟಸುಖಗಳು ಅವರವರಿಗೇ ಗೊತ್ತು. ಆದರೆ ರುಜುವಿಗೂ ಹಣಕ್ಕೂ ಇರಬಹುದಾದ ಸಂಬಂಧದ ಅತ್ಯುನ್ನತ ಆದರ್ಶವನ್ನು ಈ ನೆಲವು ಕಣ್ಣಾರೆ ಕಂಡಿದೆ. 1934ರ ಹರಿಜನ ಪ್ರವಾಸದಲ್ಲಿ ಶಿರಸಿಗೂ ಬಂದಿದ್ದ ಗಾಂಧೀಜಿಯವರು ತಮ್ಮ ಹಸ್ತಾಕ್ಷರವನ್ನು ಬೇಡಿದವರಿಂದ 5 ರೂಪಾಯಿಗಳನ್ನು ಪಡೆದು ಹರಿಜನ ನಿಧಿಗೆ ಸೇರಿಸುತ್ತಿದ್ದರು. ಕೊಟ್ಟವನಿಗೆ ರುಜುವೂ ದೊರೆಯಿತು, ಒಂದು ಪುಣ್ಯಕಾರ್ಯದಲ್ಲಿ ಪಾಲೂ ದೊರೆಯಿತು. ಮಾರುವವರು ಮಾರಲಿ, ಆದರೆ ಪುಸ್ತಕವನ್ನು ಹಾಳೆಹಾಳೆಯಾಗಿ ಕೀಳದೆ, ವೃತ್ತಾಂತವನ್ನು ಬರೆದು ಜೊತೆಗಿಟ್ಟು, ಅದರ ಸ್ಪಷ್ಟವಾದ ಛಾಯಾಪ್ರತಿಯೊಂದನ್ನು ಊರಿನಲ್ಲಿಯೇ ಉಳಿಸಿ ಮಾರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಊರಿನಲ್ಲಿ ಉಳಿಸುವುದೆಂದರೆ ಎಲ್ಲಿ? ಮುಂದಿನ ಮಾರಿಜಾತ್ರೆಯ ಕಾಲಕ್ಕೆ ಶಿರಸಿಯಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸಲಿ. ಮೂರು ತಾಲೂಕುಗಳ ಜನರು ತಮ್ಮ ಮನೆಯ ಆಟೋಗ್ರಾಫ್ ಪುಸ್ತಕ, ಕರಪತ್ರ, ತಾರೆಯರ ಪತ್ರಗಳನ್ನು ತರಲಿ. ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಅವುಗಳ ಪ್ರತಿ ತೆಗೆದು, ತಂದವರ ಮಾತನ್ನು ಧ್ವನಿಮುದ್ರಿಸಿ, ಮೂಲವನ್ನು ಅವರವರ ಕೈಗೇ ಮರಳಿಸಲಿ. ಸಿದ್ದಾಪುರ, ಯಲ್ಲಾಪುರಗಳ ಗ್ರಂಥಾಲಯಗಳಲ್ಲಿ ಅದರ ಒಂದೊಂದು ಪ್ರತಿಯಿರಲಿ. ತಾರೆಯೆಂದರೆ ಚಿತ್ರತಾರೆ ಮಾತ್ರವೆಂಬ ಸಂಕೋಚವನ್ನು ಈ ಕಾರ್ಯದಲ್ಲಿ ಬಿಡಬೇಕು. ಕೆರೆಮನೆ ಶಿವರಾಮ ಹೆಗಡೆ, ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ ಮೊದಲಾದ ಯಕ್ಷಗಾನ ಕಲಾವಿದರು ನಮ್ಮ ಜನರ ಪಾಲಿಗೆ ಯಾವ ಚಿತ್ರನಟನಿಗೂ ಕಡಿಮೆಯಾಗಿರಲಿಲ್ಲ. ಚೌಕಿಯಲ್ಲಿ ಮುಖದ ಬಣ್ಣ ಅಳಿಸುವ ಮೊದಲೇ ಅವರು ಯಾರದೋ ಪುಸ್ತಕದಲ್ಲಿ ಬರೆದ ಎರಡು ಸಾಲು ಇದ್ದರೆ ಅದು ಈ ಸಂಗ್ರಹದ ಮುಕುಟವಾಗಬೇಕು. ಎಂಬತ್ತರ ದಶಕದಲ್ಲಿ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿ ಸಮುದಾಯದ ಜನರನ್ನೇ ಕೂಡಿಸಿ, ಚಿನುವಾ ಅಚಿಬೆಯವರ ಕಾದಂಬರಿಯನ್ನು ರಂಗಕ್ಕೆ ತಂದರು. ಆ ನಟನಟಿಯರ ಹೆಸರುಗಳೂ ಕೈಬರಹಗಳೂ ಇದರೊಳಗೆ ಬರದಿದ್ದರೆ ನಮ್ಮ ದಾಖಲೆಯು ಅಪೂರ್ಣವೆನಿಸುತ್ತದೆ.

ಹಳೆಯ ಚಿತ್ರಗಳ ಪ್ರತಿಗಳನ್ನು ಕಾಯುವುದು ನಮ್ಮ ಹಿರಿಯರ ಶಕ್ತಿಗೆ ಮೀರಿದ್ದಾಗಿತ್ತು. ಅದಕ್ಕೆ ಬೇಕಾದ ಧನವೂ ಯಂತ್ರವೂ ಅವರಲ್ಲಿರಲಿಲ್ಲ. ರುಜುವಿನ ವೃತ್ತಾಂತವನ್ನು ಕಾಯಲು ಒಂದು ಪೆನ್ಸಿಲು, ಒಂದು ಹಾಳೆ, ಹಿರಿಯರ ಪಕ್ಕದಲ್ಲಿ ಕುಳಿತು ಕೇಳುವ ಒಂದು ಸಂಜೆ ಸಾಕು. ಇಷ್ಟು ಅಲ್ಪವ್ಯಯದಲ್ಲಿ ಉಳಿಸಬಹುದಾದ ಚರಿತ್ರೆಯನ್ನು ನಾವು ಕಳೆದುಕೊಂಡರೆ, ಮುಂದಿನ ತಲೆಮಾರಿಗೆ ಹೇಳಲು ನಮ್ಮಲ್ಲಿ ಯಾವ ನೆಪವೂ ಇರಲಾರದು.